ಹಿತ್ತಲಿನ ಕೋಳಿ ಲೆಕ್ಕ ಟರ್ಕಿ ಮರಿಗೆ ನಡೆಯದು

ಚಿಕ್ಕೇರೂರು ಸುತ್ತಿನಲ್ಲಿ ಎರಡು-ಮೂರು ಎಕರೆ ಇರುವ ಮನೆಯ ಹಿತ್ತಲಿಗೆ ಹೋಗಿ ನಿಂತರೆ, ಟರ್ಕಿ ಕೋಳಿ ಸಾಕಲು ಬೇಕಾದದ್ದೆಲ್ಲ ಅಲ್ಲಿ ಆಗಲೇ ಇದೆ ಅನ್ನಿಸುತ್ತದೆ. ಕಣದಲ್ಲಿ ಗೋವಿನಜೋಳ ಇದೆ. ಕಾವಿಗೆ ಕೂರುವ ಜವಾರಿ ಕೋಳಿ ಇದೆ. ಬದುವಿನ ತುಂಬ ಹುಲ್ಲು, ಹುಳು, ಮಿಡತೆ. ನೆರಳಿಗೆ ಒಂದೆರಡು ಮಾವಿನ ಗಿಡ. ‘ಇಷ್ಟು ದಿನ ಕೋಳಿ ಸಾಕಿದವರಿಗೆ ಟರ್ಕಿ ಏನ್ ದೊಡ್ಡದ್ರೀ?’ ಎಂಬ ಮಾತು ತಾನಾಗಿಯೇ ಬರುತ್ತದೆ. ಮರಿ ತಂದು ಹಿತ್ತಲಿಗೆ ಬಿಡುತ್ತಾರೆ. ಅವು ಒಂದೊಂದಾಗಿ ಜೋಲು ಬಿದ್ದು ಸಾಯತೊಡಗಿದಾಗ ‘ನಮ್ಮ ಹವಾಕ್ಕ ಆಗಂಗಿಲ್ಲ ಬಿಡ್ರಿ’ ಎಂದು ಕೈಚೆಲ್ಲುತ್ತಾರೆ.

ಹವೆಯ ತಪ್ಪು ಇದರಲ್ಲಿ ಕಡಿಮೆ. ಬೆಳೆದ ಟರ್ಕಿ ಗಟ್ಟಿ ಹಕ್ಕಿ. ಬಿಸಿಲನ್ನೂ ತಡೆಯುತ್ತದೆ, ಚಳಿಯನ್ನೂ ತಡೆಯುತ್ತದೆ. ಕಷ್ಟವೆಲ್ಲ ಮೊದಲ ಎಂಟು-ಹತ್ತು ವಾರಗಳದು. ಆ ಅವಧಿಯಲ್ಲಿ ಮರಿಯನ್ನು ಕೆಡಿಸುವುದು ನಾವು ಅನುಕೂಲ ಎಂದುಕೊಂಡಿದ್ದ ಸಂಗತಿಗಳೇ: ಹಿತ್ತಲಿನ ಜವಾರಿ ಕೋಳಿ, ಕಣದ ಗೋವಿನಜೋಳ, ಮುಂಗಾರಿನ ಹಸಿ. ಟರ್ಕಿ ಸಾಕಣೆಯ ಜಾಣತನವೆಂದರೆ ಈ ಮೂರರಿಂದ ಮರಿಯನ್ನು ದೂರ ಇಡುವುದು.

ಈ ಹಕ್ಕಿ ನಮ್ಮ ನೆಲದ್ದಲ್ಲ. ಮೆಕ್ಸಿಕೊದ ಜನ ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಇದನ್ನು ಪಳಗಿಸಿದ್ದರು. ಗೋವಿನಜೋಳದ ತವರೂ ಅದೇ. ಬ್ಯಾಡಗಿ ಪೇಟೆಯನ್ನು ಕೆಂಪಾಗಿಸುವ ಮೆಣಸಿನಕಾಯಿಯ ತವರೂ ಅದೇ. 1612ರಲ್ಲಿ ಮುಕರ್ರಬ್ ಖಾನ್ ಎಂಬ ಅಧಿಕಾರಿ ಗೋವೆಯಿಂದ ಕೊಂಡೊಯ್ದ ಅಪರೂಪದ ಪ್ರಾಣಿಪಕ್ಷಿಗಳ ನಡುವೆ ಟರ್ಕಿಯನ್ನು ಕಂಡ ಮೊಘಲ್ ದೊರೆ ಜಹಾಂಗೀರ್, ಅದು ನವಿಲಿನಂತೆ ಗರಿಗೆದರುವುದನ್ನೂ ತಲೆ-ಕೊರಳಿನ ಬಣ್ಣ ಕ್ಷಣಕ್ಕೊಮ್ಮೆ ಬದಲಾಗುವುದನ್ನೂ ತನ್ನ ಆತ್ಮಕತೆಯಲ್ಲಿ ಬರೆದಿಟ್ಟ. ಅವನ ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರ್ ಬಿಡಿಸಿದ ಅದರ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಕೋಟೆಯಲ್ಲಿ 2006ರಲ್ಲಿ ಘೋಷಣೆಯಾದ ನವಿಲುಧಾಮ ನೋಡಿದವರಿಗೆ ಟರ್ಕಿ ಹುಂಜದ ಕುಣಿತ ಪರಿಚಿತವೆನಿಸೀತು. ಎರಡೂ ಒಂದೇ ಕುಟುಂಬದ ಹಕ್ಕಿಗಳು. ಆದರೆ ನಮ್ಮ ಕೋಳಿ ಏಷ್ಯಾದ ಕಾಡುಕೋಳಿಯ ಸಂತಾನ. ಇಲ್ಲಿನ ಮಣ್ಣು, ಇಲ್ಲಿನ ಹೊಟ್ಟೆಹುಳುಗಳ ಜೊತೆ ಸಾವಿರಾರು ವರ್ಷ ಬದುಕಿ ಹೊಂದಿಕೊಂಡದ್ದು. ಟರ್ಕಿಗೆ ಆ ಹೊಂದಾಣಿಕೆ ಇಲ್ಲ. ಇದು ನೆನಪಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಕಾಳಿನ ಮುಂದೆಯೇ ಉಪವಾಸ

ಮೊಟ್ಟೆಯೊಡೆದು ಬಂದ ಮರಿಯ ಹೊಟ್ಟೆಯಲ್ಲಿ ಭಂಡಾರದ ಉಳಿಕೆ ಇರುತ್ತದೆ. ಅದರ ಬಲದಲ್ಲಿ ಎರಡು-ಮೂರು ದಿನ ನಡೆಯುತ್ತದೆ. ಅಷ್ಟರೊಳಗೆ ಮರಿ ತಿನ್ನಲು, ಕುಡಿಯಲು ಕಲಿಯಬೇಕು. ಜವಾರಿ ಮರಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಕುಕ್ಕಿ ತಾನೇ ಕಲಿಯುತ್ತದೆ. ಟರ್ಕಿ ಮರಿಗೆ ತಾಯಿ ಕುಕ್ಕಿ ತೋರಿಸಬೇಕು. ತಾಯಿ ಇಲ್ಲದಿದ್ದರೆ ತುಂಬಿದ ತಟ್ಟೆಯ ಮುಂದೆ ನಿಂತೇ ಹಸಿದು ಸಾಯುತ್ತದೆ. ಮೊದಲ ವಾರದ ಸಾವಿನಲ್ಲಿ ರೋಗಕ್ಕಿಂತ ಈ ಉಪವಾಸದ ಪಾಲು ದೊಡ್ಡದು.

ಹಾಗಾಗಿ ಸಾಕುವವರೇ ತಾಯಿಯ ಕೆಲಸ ಮಾಡಬೇಕು. ಮರಿ ಬಂದ ಕೂಡಲೇ ಒಂದೊಂದನ್ನೂ ಹಿಡಿದು ಕೊಕ್ಕನ್ನು ನೀರಿಗೆ ಮುಟ್ಟಿಸಬೇಕು. ನೀರಿನ ಬಟ್ಟಲು ಆಳ ಇರಬಾರದು. ಅದರಲ್ಲಿ ಬಣ್ಣದ ಗೋಲಿಗಳನ್ನು ಹಾಕಿದರೆ ಎರಡು ಉಪಯೋಗ. ಹೊಳೆಯುವ ಗೋಲಿ ಕುಕ್ಕಲು ಹೋಗಿ ಮರಿ ನೀರು ಕುಡಿಯುತ್ತದೆ, ಬಟ್ಟಲಲ್ಲಿ ಬಿದ್ದು ಒದ್ದೆಯಾಗುವುದೂ ತಪ್ಪುತ್ತದೆ. ಆಹಾರದ ತಟ್ಟೆಯಲ್ಲೂ ನಾಲ್ಕು ಗೋಲಿ ಇಟ್ಟು, ಬೆರಳಿನಿಂದ ತಟ್ಟೆಯನ್ನು ಟಕಟಕ ಬಡಿದರೆ ಸದ್ದಿಗೆ ಓಡಿ ಬರುತ್ತವೆ. ಸಣ್ಣಗೆ ಹೆಚ್ಚಿದ ಸೊಪ್ಪಿನ ಮೇಲೆ ಅವಕ್ಕೆ ಬಲು ಆಸೆ. ಆಹಾರದ ಮೇಲೆ ಉದುರಿಸಿದರೆ ಸೊಪ್ಪಿನ ನೆಪದಲ್ಲಿ ಆಹಾರವೂ ಒಳಗೆ ಹೋಗುತ್ತದೆ. ಹತ್ತು ಮರಿಗೆ ಒಂದು ಬೇಯಿಸಿದ ಮೊಟ್ಟೆಯನ್ನು ಪುಡಿಮಾಡಿ ಕೊಡುವುದು, ಒಂದು ಲೀಟರ್ ನೀರಿಗೆ 100 ಮಿಲಿ ಹಾಲು ಬೆರೆಸುವುದು, ಇವು ಹದಿನೈದು ದಿನದವರೆಗೆ ಮರಿಯನ್ನು ಎತ್ತಿ ನಿಲ್ಲಿಸುವ ಉಪಾಯಗಳು. ಹಾಲು ಬೆರೆಸಿದ ನೀರು ಬೇಗ ಹುಳಿಯುತ್ತದೆ. ಬಟ್ಟಲು ದಿನಕ್ಕೆರಡು ಸಲ ತೊಳೆಯಬೇಕು.

ಮರಿಗಳಿಗೆ ಕೊಡುವ ಬಲ್ಬಿನ ಶಾಖ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ನಾಲ್ಕು ವಾರಕ್ಕೆ ಹೊರಗಿನ ಹವೆಗೆ ತರಬಹುದು. ಚಳಿಗಾಲವಾದರೆ ಐದಾರು ವಾರ ಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿದರೂ ಆಯಿತು. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಗುಂಪುಗಟ್ಟಿದರೆ ಚಳಿ. ಕೊಕ್ಕು ತೆರೆದು ದೂರ ಸರಿದರೆ ಸೆಕೆ. ಎಲ್ಲವೂ ಒಂದೇ ಮಗ್ಗುಲಿಗೆ ಸೇರಿದರೆ ಇನ್ನೊಂದು ಕಡೆಯಿಂದ ಗಾಳಿ ನುಗ್ಗುತ್ತಿದೆ ಎಂದರ್ಥ. ಸಮನಾಗಿ ಹರಡಿಕೊಂಡು ಮಲಗಿದ್ದರೆ ನೀವೂ ಮಲಗಬಹುದು. ಕರೆಂಟು ಹೋದಾಗ ಬಳಸಲು ಹೊಗೆಯಾಡದ ಇದ್ದಿಲು ಕೆಂಡವನ್ನು ಮಡಕೆಯಲ್ಲಿ ಹಾಕಿ, ಸುತ್ತ ಜಾಳಿಗೆ ಇಟ್ಟು, ಗಾಳಿಯಾಡುವಂತೆ ನೋಡಿಕೊಂಡು ಸಿದ್ಧವಿಟ್ಟಿರಬೇಕು.

ಮರಿಗಳ ಸುತ್ತ ತಗಡು ಇಲ್ಲವೇ ದಪ್ಪ ರಟ್ಟಿನಿಂದ ಒಂದೂವರೆ ಅಡಿ ಎತ್ತರದ ಗುಂಡನೆಯ ಬೇಲಿ ಹಾಕಬೇಕು. ಮೂಲೆಗಳಿದ್ದರೆ ಹೆದರಿದ ಮರಿಗಳು ಅಲ್ಲಿ ರಾಶಿಬಿದ್ದು ತಳದವು ಉಸಿರುಗಟ್ಟುತ್ತವೆ. ನೆಲಕ್ಕೆ ಎರಡು ಇಂಚು ಭತ್ತದ ಹೊಟ್ಟು, ಮೊದಲ ನಾಲ್ಕು ದಿನ ಅದರ ಮೇಲೆ ಗೋಣಿತಟ್ಟು. ಇಲ್ಲದಿದ್ದರೆ ಆಹಾರ ಯಾವುದು, ಹೊಟ್ಟು ಯಾವುದು ತಿಳಿಯದೆ ಹೊಟ್ಟನ್ನೇ ತಿನ್ನುತ್ತವೆ. ದಿನಪತ್ರಿಕೆ ಹಾಸುವುದು ಬೇಡ. ನುಣುಪಿಗೆ ಕಾಲು ಜಾರಿ ಅಗಲವಾದ ಮರಿ ಮತ್ತೆ ನೆಟ್ಟಗೆ ನಿಲ್ಲುವುದು ಕಷ್ಟ. ನಾಲ್ಕು ವಾರದವರೆಗೆ ಮರಿಯೊಂದಕ್ಕೆ ಒಂದೂಕಾಲು ಚದರಡಿ, ಆಮೇಲೆ ಹದಿನಾರು ವಾರದವರೆಗೆ ಎರಡೂವರೆ ಚದರಡಿ ಜಾಗ ಇರಬೇಕು.

ಗೋವಿನಜೋಳದ ಎರಡು ದೋಷ

ಹಾವೇರಿ ಜಿಲ್ಲೆಯಲ್ಲಿ ಗೋವಿನಜೋಳಕ್ಕೆ ಬರವಿಲ್ಲ. ಕೋಳಿಗೆ ಎಸೆದಂತೆ ಟರ್ಕಿ ಮರಿಗೂ ಅದರ ನುಚ್ಚು ಎಸೆದರೆ ಆಯಿತೆಂದು ಕಾಣುತ್ತದೆ. ಮೊದಲ ದೋಷ ಸತ್ವದ್ದು. ಟರ್ಕಿ ಮರಿಯ ಮೊದಲ ತಿಂಗಳ ಆಹಾರದಲ್ಲಿ ನೂರಕ್ಕೆ 28ರಷ್ಟು ಪ್ರೋಟೀನ್ ಬೇಕು. ಗೋವಿನಜೋಳದಲ್ಲಿರುವುದು ಎಂಟು-ಒಂಬತ್ತು. ಅಂಗಡಿಯಲ್ಲಿ ಸಿಗುವ ಬ್ರಾಯ್ಲರ್ ಮರಿಯ ಆಹಾರವೂ ಇಪ್ಪತ್ತೆರಡರ ಆಸುಪಾಸಿಗೆ ನಿಲ್ಲುತ್ತದೆ. ಜೊತೆಗೆ ನಯಾಸಿನ್ ಎಂಬ ಬಿ ಜೀವಸತ್ವ ಕೋಳಿ ಮರಿಗಿಂತ ಟರ್ಕಿ ಮರಿಗೆ ಹೆಚ್ಚು ಬೇಕು. ಗೋವಿನಜೋಳದಲ್ಲಿ ಅದು ಇದ್ದರೂ ಮೈಗೆ ದಕ್ಕದ ರೂಪದಲ್ಲಿದೆ. ಬರೀ ಜೋಳ ತಿಂದ ಮರಿಯ ಮೊಣಗಂಟು ಊದಿ ಕಾಲು ಸೊಟ್ಟಗಾಗುವುದಕ್ಕೆ ಇದೂ ಒಂದು ಕಾರಣ. ಟರ್ಕಿಯದೇ ಆಹಾರ ಸಿಕ್ಕರೆ ಸರಿ. ಸಿಗದಿದ್ದರೆ ಬ್ರಾಯ್ಲರ್ ಪ್ರೀ-ಸ್ಟಾರ್ಟರ್‌ಗೆ ಸೋಯಾ ಹಿಂಡಿ, ಮೊಟ್ಟೆ, ವಿಟಮಿನ್-ಖನಿಜ ಮಿಶ್ರಣ ಸೇರಿಸುವ ಪ್ರಮಾಣವನ್ನು ಪಶುವೈದ್ಯರಿಂದ ಬರೆಸಿಕೊಳ್ಳಬೇಕು. ಹೊಲದ ಸೋಯಾಬೀನ್ ಕಾಳನ್ನು ಹಸಿಯಾಗಿ ಬೀಸಿ ಹಾಕಬಾರದು. ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಅದರಲ್ಲಿದೆ.

ಎರಡನೆಯ ದೋಷ ಬೂಷ್ಟಿನದು. ಇದು ಹೆಚ್ಚು ಅಪಾಯದ್ದು. 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಲವೇ ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಮರಿಗಳು ಸತ್ತವು. ಕಾರಣ ತಿಳಿಯದೆ ಅದನ್ನು ‘ಟರ್ಕಿ ಎಕ್ಸ್ ರೋಗ’ ಎಂದು ಕರೆದರು. ಹುಡುಕುತ್ತ ಹೋದಾಗ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ ಸಿಕ್ಕಿತು. ಅದರಲ್ಲಿ ಬೆಳೆದಿದ್ದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ವಿಷ ಬಿಟ್ಟಿತ್ತು. ಇವತ್ತು ಜಗತ್ತಿಗೆಲ್ಲ ಗೊತ್ತಿರುವ ಅಫ್ಲಾಟಾಕ್ಸಿನ್ ಪತ್ತೆಯಾದದ್ದು ಹೀಗೆ, ಟರ್ಕಿ ಮರಿಗಳ ಸಾವಿನಿಂದ. ಸಾಕು ಹಕ್ಕಿಗಳಲ್ಲಿ ಬಾತುಮರಿ, ಟರ್ಕಿ ಮರಿ ಈ ವಿಷಕ್ಕೆ ತೀರ ಬೇಗ ಬಲಿಯಾಗುತ್ತವೆ. ಕೋಳಿ ಅವುಗಳಿಗಿಂತ ಹೆಚ್ಚು ತಡೆದುಕೊಳ್ಳುತ್ತದೆ.

ನಮ್ಮ ಕಡೆಯ ರೂಢಿಯನ್ನು ಇದರ ಪಕ್ಕ ಇಟ್ಟು ನೋಡಿ. ಅಕ್ಟೋಬರ್-ನವೆಂಬರ್‌ನಲ್ಲಿ ತೆನೆ ಮುರಿಯುವ ಹೊತ್ತಿಗೆ ಮಳೆ ಹಿಡಿಯುತ್ತದೆ. ರಾಶಿಗೆ ತಾಡಪತ್ರಿ ಹೊದಿಸುತ್ತೇವೆ, ಒಳಗೆ ಕಾವು ಏರುತ್ತದೆ. ಬಿಸಿಲು ಬಂದ ದಿನ ಡಾಂಬರು ರಸ್ತೆಯ ಮೇಲೆ ಹರವುತ್ತೇವೆ. ಒಳ್ಳೆಯ ಕಾಳು ಮಾರಾಟಕ್ಕೆ ಹೋಗುತ್ತದೆ. ಕಪ್ಪಾದದ್ದು, ಹಸಿರು ಬೂಷ್ಟು ಹಿಡಿದದ್ದು ದನಕ್ಕೆ, ಕೋಳಿಗೆ ಉಳಿಯುತ್ತದೆ. ಟರ್ಕಿ ಮರಿಗೆ ಈ ಪದ್ಧತಿಯನ್ನೇ ತಿರುಗಿಸಬೇಕು: ಅದಕ್ಕೆ ಮೊದಲ ದರ್ಜೆಯ ಕಾಳೇ ಹೋಗಬೇಕು. ಕಾಳಿನ ತೇವ ನೂರಕ್ಕೆ 12ರ ಆಸುಪಾಸಿಗೆ ಇಳಿದಿರಬೇಕು. ಹಲ್ಲಿನಲ್ಲಿ ಕಚ್ಚಿದರೆ ಕಟಕ್ಕನೆ ಒಡೆಯಬೇಕು. ಬೂಷ್ಟು ಒರೆಸಿದರೆ, ಹುರಿದರೆ, ಬೇಯಿಸಿದರೆ ವಿಷ ಹೋಗುತ್ತದೆ ಎಂಬುದು ಭ್ರಮೆ. ಅಂಥ ಕಾಳನ್ನು ಹಸುವಿಗೆ ಹಾಕುವುದೂ ಒಳ್ಳೆಯದಲ್ಲ, ಅಂಶ ಹಾಲಿಗೆ ಇಳಿಯುತ್ತದೆ. ಶೇಂಗಾ ಹಿಂಡಿಯನ್ನಂತೂ ಟರ್ಕಿ ಮರಿಯ ಹತ್ತಿರ ತರದಿರುವುದೇ ಲೇಸು.

ಜವಾರಿ ಕೋಳಿಯ ಹೊಟ್ಟೆಹುಳು

ಟರ್ಕಿ ಮೊಟ್ಟೆಯನ್ನು ಜವಾರಿ ಕೋಳಿಯ ಕೆಳಗಿಟ್ಟು ಮರಿ ಮಾಡಿಸುವ ಯೋಚನೆ ಎಲ್ಲರಿಗೂ ಬರುತ್ತದೆ. ಕೋಳಿ ಮೊಟ್ಟೆಗೆ 21 ದಿನದ ಕಾವು, ಟರ್ಕಿ ಮೊಟ್ಟೆಗೆ 28 ದಿನ. ಒಂದು ವಾರ ಹೆಚ್ಚು ಕೂರುವ ತಾಳ್ಮೆಯಿರುವ ಕೋಳಿ ಅದನ್ನು ಮಾಡಿಯೂ ಕೊಡುತ್ತದೆ. ತೊಂದರೆ ಶುರುವಾಗುವುದು ಆಮೇಲೆ, ಮರಿ ಆ ತಾಯಿಯ ಹಿಂದೆ ತಿಪ್ಪೆ ಕೆದರಲು ಹೊರಟಾಗ.

ಕೋಳಿಯ ಕುರುಡುಗರುಳಿನಲ್ಲಿ ಹೆಟೆರಾಕಿಸ್ ಎಂಬ ಸಣ್ಣ ಬಿಳಿ ಹುಳು ಇರುತ್ತದೆ. ಕೋಳಿಗೆ ಅದರಿಂದ ಹೆಚ್ಚಿನ ಬಾಧೆಯಿಲ್ಲ. ಆ ಹುಳುವಿನ ಮೊಟ್ಟೆಯೊಳಗೆ ಹಿಸ್ಟೊಮೊನಾಸ್ ಎಂಬ ಏಕಕೋಶ ಜೀವಿ ಅಡಗಿ ಕೂರುತ್ತದೆ. ಹಿಕ್ಕೆಯ ಮೂಲಕ ಮಣ್ಣಿಗೆ ಬಿದ್ದ ಹುಳುಮೊಟ್ಟೆ ವರ್ಷಗಟ್ಟಲೆ ಬದುಕುತ್ತದೆ. ಎರೆಹುಳು ಅದನ್ನು ನುಂಗಿ ತನ್ನಲ್ಲಿಟ್ಟುಕೊಳ್ಳುತ್ತದೆ. ಟರ್ಕಿ ಮರಿ ಮಣ್ಣು ಕುಕ್ಕಿದರೆ ಅಥವಾ ಎರೆಹುಳು ತಿಂದರೆ ಆ ಜೀವಿ ಹೊಟ್ಟೆ ಸೇರಿ, ಕರುಳನ್ನು ಕೊರೆದು, ರಕ್ತದ ಮೂಲಕ ಯಕೃತ್ತಿಗೆ ಹೋಗುತ್ತದೆ. ಮರಿ ರೆಕ್ಕೆ ಜೋಲುಬಿಟ್ಟು ತೂಕಡಿಸುತ್ತದೆ, ಗಂಧಕದಂಥ ಹಳದಿ ಹಿಕ್ಕೆ ಹಾಕುತ್ತದೆ, ಕೆಲವೇ ದಿನದಲ್ಲಿ ಸಾಯುತ್ತದೆ. ಒಂದಕ್ಕೆ ಬಂದರೆ ಮರಿಯಿಂದ ಮರಿಗೂ ಹರಡಿ ಇಡೀ ಹಿಂಡು ಖಾಲಿಯಾಗಬಹುದು. ಅಮೆರಿಕದಲ್ಲಿ ಈ ರೋಗದ ಮೂಲವನ್ನು ಮೊದಲು ವಿವರಿಸಿದವರು ಥಿಯೊಬಾಲ್ಡ್ ಸ್ಮಿತ್, 1895ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಸಾಕಣೆಗಾರರ ಕೈಗೆ ಇದರ ಲಸಿಕೆ ಬಂದಿಲ್ಲ.

ತಡೆಯುವ ದಾರಿ ಒಂದೇ, ಬೇರೆ ಇಡುವುದು. ಕೋಳಿ ಓಡಾಡಿದ ಹಿತ್ತಲಲ್ಲಿ ಟರ್ಕಿ ಮರಿ ಬಿಡಬಾರದು. ಕೋಳಿ ಮಾರಿದ ಮರುದಿನ ಬಿಟ್ಟರೂ ಪ್ರಯೋಜನವಿಲ್ಲ, ಮಣ್ಣಿನಲ್ಲಿ ಹುಳುಮೊಟ್ಟೆ ಉಳಿದಿರುತ್ತದೆ. ಕೋಳಿ ಗೊಬ್ಬರವನ್ನು ಟರ್ಕಿ ಮೇಯುವ ಜಾಗಕ್ಕೆ ಹಾಕಬಾರದು. ಕೋಳಿಗೂಡು ಗುಡಿಸಿದ ಕಸಬರಿಗೆ, ತುಳಿದ ಚಪ್ಪಲಿ ಎರಡೂ ಬೇರೆ ಇರಬೇಕು. ಜವಾರಿ ಕೋಳಿಯಿಂದಲೇ ಮರಿ ಮಾಡಿಸಿದ್ದರೆ ಗರಿ ಒಣಗಿದ ಕೂಡಲೇ ಮರಿಗಳನ್ನು ತೆಗೆದು ಬಲ್ಬಿನ ಗೂಡಿಗೆ ಸೇರಿಸಬೇಕು. ಅದಕ್ಕಿಂತ ಹೆಣ್ಣು ಟರ್ಕಿಯನ್ನೇ ಕಾವಿಗೆ ಕೂರಿಸುವುದು ಒಳ್ಳೆಯದು. ಹತ್ತರಿಂದ ಹದಿನೈದು ಮೊಟ್ಟೆಯ ಮೇಲೆ ಚೆನ್ನಾಗಿ ಕೂರುತ್ತದೆ. ಟರ್ಕಿಗಳಿಗೆ ಪಶುವೈದ್ಯರು ಹೇಳಿದ ಲೆಕ್ಕದಲ್ಲಿ ಜಂತುಹುಳುವಿನ ಔಷಧ ತಪ್ಪದೆ ಕೊಡಬೇಕು. ಸತ್ತ ಮರಿಯನ್ನು ಹೂಳುವ ಮೊದಲು ಪಶು ಆಸ್ಪತ್ರೆಯಲ್ಲಿ ಒಂದನ್ನಾದರೂ ಕೊಯ್ಸಿ ನೋಡಿಸಬೇಕು. ಯಕೃತ್ತಿನ ಮೇಲೆ ಗುಂಡನೆಯ ಕಲೆ ಕಂಡರೆ ಉಳಿದವುಗಳ ಗತಿಯನ್ನು ಅಂದೇ ತೀರ್ಮಾನಿಸಬಹುದು.

ಮಿರಗಕ್ಕೆ ಮುಂಚೆ

ಹಿರೇಕೆರೂರು, ಹಾನಗಲ್ ಕಡೆ ಅರೆಮಲೆನಾಡು. ಮಿರಗದ ಮಳೆ ಹಿಡಿದರೆ ಆರಿದ್ರ, ಪುನರ್ವಸು ಮುಗಿಯುವ ತನಕ ಹಿತ್ತಲು ಒಣಗುವುದಿಲ್ಲ. ಮರಿಯ ಮೈಮೇಲಿನ ತುಪ್ಪಳ ನೀರು ತಡೆಯುವುದಿಲ್ಲ. ನೆನೆದರೆ ಮೈ ತಣ್ಣಗಾಗಿ ಸಾಯುತ್ತದೆ. ಒದ್ದೆ ಹೊಟ್ಟಿನಲ್ಲಿ ರಕ್ತಭೇದಿಯೂ ಏಳುತ್ತದೆ. ಮರಿ ತರುವ ತಿಂಗಳನ್ನು ಮಳೆ ನೋಡಿ ಗೊತ್ತುಮಾಡಬೇಕು ಎನ್ನುವುದು ಇದಕ್ಕಾಗಿ.

ಟರ್ಕಿ ಹಗಲು ಉದ್ದವಾಗುತ್ತ ಹೋದಂತೆ ಮೊಟ್ಟೆಗೆ ಬರುವ ಹಕ್ಕಿ. ಹಾಗಾಗಿ ಶಿವರಾತ್ರಿಯ ಹೊತ್ತಿಗೆ ಮರಿ ಸಿಗುತ್ತವೆ. ಆಗ ತಂದರೆ ಮಾರ್ಚ್-ಏಪ್ರಿಲ್ ಬಿಸಿಲಲ್ಲಿ ಹಗಲಿನ ಬಲ್ಬಿನ ಖರ್ಚು ಕಡಿಮೆ. ಮೇ ತಿಂಗಳ ಒಣ ನೆಲದಲ್ಲಿ ಹೊರಗೆ ಬಿಡಬಹುದು. ಜೂನ್ ಮೊದಲ ವಾರದ ಹೊತ್ತಿಗೆ ಅವು ಹದಿಮೂರು-ಹದಿನಾಲ್ಕು ವಾರದವಾಗಿ, ಪೂರ್ತಿ ಗರಿ ಬಂದು, ಮಳೆಗೆ ಅಂಜದ ಸ್ಥಿತಿಯಲ್ಲಿರುತ್ತವೆ. ಇದರ ಎದುರಿಗೆ ಪೇಟೆಯ ಲೆಕ್ಕ ನಿಲ್ಲುತ್ತದೆ. ಟರ್ಕಿಗೆ ಬೇಡಿಕೆ ಏರುವುದು ಕ್ರಿಸ್‌ಮಸ್‌ಗೆ. 24 ವಾರದ ಹಕ್ಕಿ ಡಿಸೆಂಬರ್‌ನಲ್ಲಿ ಸಿದ್ಧವಾಗಬೇಕಾದರೆ ಮರಿ ಜೂನ್ ಕೊನೆಗೆ, ಸುರಿಯುವ ಮಳೆಯಲ್ಲಿ ಬರಬೇಕು. ಗಟ್ಟಿ ಶೆಡ್, ಒಣ ಹೊಟ್ಟು, ಕರೆಂಟಿನ ಭರವಸೆ ಇರುವವರು ಆ ಸಾಹಸ ಮಾಡಲಿ. ಮೊದಲ ವರ್ಷ ಕಲಿಯುವವರಿಗೆ ಶಿವರಾತ್ರಿಯ ಮರಿಯೇ ಸರಿ. ಕ್ರಿಸ್‌ಮಸ್‌ವರೆಗೆ ಸಾಕುವ ಆಹಾರದ ಖರ್ಚು ಹೆಚ್ಚಾದರೂ ಸಾವಿನ ಖರ್ಚು ಕಡಿಮೆಯಾಗುತ್ತದೆ.

ಹೊಲಕ್ಕೆ ಬಿಡುವಾಗ

ಎಂಟು ವಾರ ತುಂಬಿದ ಮೇಲೆ, ಇಬ್ಬನಿ ಆರಿದ ನಂತರ ದಿನಕ್ಕೆ ಒಂದೆರಡು ತಾಸು ಬಿಟ್ಟು ರೂಢಿ ಮಾಡಿಸಬೇಕು. ಬೇಲಿ ಹಾಕಿದ ಒಂದು ಎಕರೆಯಲ್ಲಿ 200ರಿಂದ 250 ಬೆಳೆದ ಟರ್ಕಿ ಮೇಯಬಹುದು. ಆ ಲೆಕ್ಕದಲ್ಲಿ 20 ಹಕ್ಕಿಗೆ ಮೂರು-ನಾಲ್ಕು ಗುಂಟೆ. ಜಾಗವನ್ನು ನಾಲ್ಕು ಭಾಗ ಮಾಡಿ ಸರದಿಯಂತೆ ಮೇಯಿಸಿದರೂ ಹದಿನಾರು ಗುಂಟೆಗಿಂತ ಹೆಚ್ಚು ಬೇಡ. ಸರದಿ ತಪ್ಪಿಸಬಾರದು, ಒಂದೇ ಕಡೆ ಮೇಯ್ದರೆ ಹುಳುಬಾಧೆ ಹೆಚ್ಚುತ್ತದೆ. ಮಿಡತೆ, ಗೆದ್ದಲು, ಬಸವನಹುಳು, ಎಳೆ ಹುಲ್ಲು, ಕುದುರೆಮೆಂತ್ಯ, ನುಗ್ಗೆ ಸೊಪ್ಪು, ಅಡುಗೆಮನೆಯ ತರಕಾರಿ ಸಿಪ್ಪೆ ಇವೆಲ್ಲ ಸೇರಿ ಕೊಳ್ಳುವ ಆಹಾರದ ಖರ್ಚನ್ನು ಅರ್ಧದವರೆಗೂ ಇಳಿಸುತ್ತವೆ. ಬಯಲಲ್ಲಿ ಸಾಕುವುದರ ಲಾಭ ಇರುವುದು ಇಲ್ಲಿ. ಕಾಲು ಬಲಕ್ಕೆ ಕಪ್ಪೆಚಿಪ್ಪಿನ ಪುಡಿ ಒಂದು ಬಟ್ಟಲಲ್ಲಿ ಸದಾ ಇರಲಿ.

ಇವು ಹಾರುವ ಹಕ್ಕಿಗಳು. ಒಂದು ರೆಕ್ಕೆಯ ಉದ್ದಗರಿ ಕತ್ತರಿಸದಿದ್ದರೆ ಸಂಜೆ ಮಾವಿನ ಗಿಡ ಏರುತ್ತವೆ. ರಾತ್ರಿ ಹಕ್ಕಿಗೆ ಮೂರು-ನಾಲ್ಕು ಚದರಡಿಯಂತೆ ಮುಚ್ಚಿದ ಗೂಡು ಬೇಕು. ಬೀದಿನಾಯಿ, ನರಿ, ಮುಂಗುಸಿ, ಕಾಡುಬೆಕ್ಕಿಗೆ ಒಂದು ರಾತ್ರಿ ಸಾಕು.

ಇನ್ನೊಂದು ಎಚ್ಚರಿಕೆ ಇತ್ತೀಚಿನದು. 2018ರ ಮೇ ತಿಂಗಳಲ್ಲಿ ನೆರೆಯ ಶಿವಮೊಗ್ಗದಲ್ಲಿ ಭಾರತದಲ್ಲೇ ಮೊದಲ ಬಾರಿಗೆ ಫಾಲ್ ಸೈನಿಕ ಹುಳು ಪತ್ತೆಯಾಯಿತು. ಅದೂ ಅಮೆರಿಕ ಖಂಡದ್ದೇ. ಅಂದಿನಿಂದ ಗೋವಿನಜೋಳದ ಹೊಲಕ್ಕೆ ಔಷಧ ಹೊಡೆಯುವುದು, ತೌಡು-ಬೆಲ್ಲಕ್ಕೆ ಕೀಟನಾಶಕ ಕಲಸಿ ಸುಳಿಗೆ ಹಾಕುವುದು ರೂಢಿಯಾಗಿದೆ. ತೌಡು-ಬೆಲ್ಲದ ಉಂಡೆ ಟರ್ಕಿಗೂ ರುಚಿಯೇ. ಬಿತ್ತನೆಯ ಹೊತ್ತಿಗೆ ಚೆಲ್ಲಿದ, ಔಷಧ ಲೇಪಿಸಿದ ಬಣ್ಣದ ಬೀಜವೂ ಹಾಗೆಯೇ. ಬಿತ್ತನೆಯಿಂದ ತೆನೆ ಬಲಿಯುವವರೆಗೆ ಸ್ವಂತ ಹೊಲಕ್ಕೂ ಬಿಡಬೇಡಿ, ಪಕ್ಕದವರ ಹೊಲಕ್ಕಂತೂ ಬೇಡವೇ ಬೇಡ.

ಕೊಳ್ಳುವ ಮೊದಲು

ಮರಿಗಳ ಜಾತಿ ಕೇಳಿ ಕೊಳ್ಳಿ. ಅಗಲ ಎದೆಯ ದೊಡ್ಡ ಜಾತಿಯವು ತೂಕಕ್ಕೆ ಸರಿ, ಆದರೆ ಭಾರದ ಹುಂಜದಿಂದ ಸಹಜ ಕೂಡಿಕೆ ಕಷ್ಟ. ಮನೆಯಲ್ಲೇ ಮರಿ ಮಾಡಬೇಕೆನ್ನುವವರಿಗೆ ಬೆಲ್ಟ್ಸ್‌ವಿಲ್ ಸ್ಮಾಲ್ ವೈಟ್ ಅಥವಾ ಅದರ ಜೊತೆ ನಾಡ ಕರಿ ಟರ್ಕಿಯನ್ನು ಕೂಡಿಸಿ ತಮಿಳುನಾಡಿನಲ್ಲಿ ರೂಪಿಸಿದ ನಂದನಂ ಟರ್ಕಿ-1 ಹೊಂದುತ್ತವೆ. ಐದು ಹೆಣ್ಣಿಗೆ ಒಂದು ಹುಂಜ ಸಾಕು. ಕೊಕ್ಕರೆ ರೋಗದ ಲಸಿಕೆ ಮೊದಲ ವಾರದಲ್ಲಿ, ಸಿಡುಬಿನದು ನಾಲ್ಕೈದನೇ ವಾರ, ಕೊಕ್ಕರೆ ರೋಗದ್ದೇ ಎರಡನೆಯದು ಆರನೇ ವಾರ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಜಿಲ್ಲೆಯೊಳಗೇ ಇದೆ. ಕೋಳಿ ಸಾಕಣೆಯ ತರಬೇತಿಗೆ ಬೆಂಗಳೂರಿನ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಮರಿಗೆ ಮುಂಗಡ ಕೊಡುವ ಮೊದಲು ಒಮ್ಮೆ ವಿಚಾರಿಸಿ.

ಕೊಳ್ಳುವವರನ್ನೂ ಮೊದಲೇ ಹುಡುಕಿಕೊಳ್ಳಬೇಕು. ಜವಾರಿ ಹುಂಜವನ್ನು ವಾರದ ಸಂತೆಯಲ್ಲಿ ಯಾರಾದರೂ ಒಯ್ಯುತ್ತಾರೆ. ಎಂಟ್ಹತ್ತು ಕಿಲೋ ತೂಗುವ ಟರ್ಕಿಯನ್ನು ಒಂದು ಮನೆಯವರು ಒಂದು ದಿನಕ್ಕೆ ಒಯ್ಯುವುದಿಲ್ಲ. ಹೋಟೆಲು, ಗೋವೆ-ಮಂಗಳೂರು-ಬೆಂಗಳೂರಿನ ಕ್ರಿಸ್‌ಮಸ್ ಗಿರಾಕಿ, ಇಲ್ಲವೇ ಸಾಕಲು ಒಯ್ಯುವ ಇನ್ನೊಬ್ಬ ರೈತ ಬೇಕು. 20 ಮರಿಯಿಂದ ಶುರುಮಾಡಿದವರು ಕೊಳ್ಳುವವರ ಗುರುತು ಸಿಕ್ಕ ಮೇಲೆ 50ಕ್ಕೆ ಹೋಗಬಹುದು.

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಜಾಗದ್ದು. ಕೋಳಿ ಕಾಲಿಡದ ನೆಲ ನಿಮ್ಮಲ್ಲಿ ಬೇರೆ ಇದೆಯೇ? ಇದ್ದರೆ ಟರ್ಕಿ ತನ್ನಿ. ಇಲ್ಲದಿದ್ದರೆ ಇರುವ ಜವಾರಿ ಕೋಳಿಗಳನ್ನೇ ಹತ್ತರಿಂದ ಮೂವತ್ತಕ್ಕೆ ಏರಿಸಿ. ಅವಕ್ಕೆ ಈ ಮಣ್ಣೂ ಗೊತ್ತು, ಸಂತೆಯೂ ಹತ್ತಿರ. ಹಿತ್ತಲು ಒಂದೇ ಇದ್ದಲ್ಲಿ ಹಕ್ಕಿಯೂ ಒಂದೇ ಜಾತಿಯದಿರಲಿ.